ಕತ್ತಲೆಕಾನಿನಲ್ಲಿ ಕುಂಬಾರ ಕಪ್ಪೆ

ಜೋಗದ ಆಸುಪಾಸಿಗೆ ಹೋಗಿ ಜಲಪಾತ ಬಿಟ್ಟು ಕಪ್ಪೆ ನೋಡುವವರೂ ಇರ್ತಾರೆ. ಈ ಮಳೆಗಾಲದಲ್ಲಿ ನಾನೂ ಆ ಗುಂಪಿಗೆ ಸೇರಿದೆ. ಕಪ್ಪೆಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ಗೆಳತಿಯ ಜತೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೊರಟೆ.

ಕಾಡಿಗೆ ಇಳಿಯುವ ಮೊದಲೇ ಅವಳ ಕಟ್ಟಳೆ ಶುರು. "ಕೈಗೆ ಸೊಳ್ಳೆ ಮುಲಾಮು ಹಚ್ಕೋಬೇಡ. ಬೂಟು ತೊಳೆದು ಒಣಗಿಸಿದ್ದೀಯಾ ತಾನೇ?" ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರನ್ನೂ ಚರ್ಮದಿಂದಲೇ ಹೀರುತ್ತದೆ. ನಮ್ಮ ಕೈಯಲ್ಲಿರುವ ಮುಲಾಮು ಅದರ ಮೈಗೆ ವಿಷ. ಜಗತ್ತಿನ ಹಲವೆಡೆ ಕಪ್ಪೆಗಳನ್ನು ಕೊಂದಿರುವ ಕೈಟ್ರಿಡ್ ಶಿಲೀಂಧ್ರ ಬೂಟಿನ ಕೆಸರಿನಲ್ಲೇ ಊರೂರು ದಾಟಬಲ್ಲದು. ಹಾಗಾಗಿ ಮುಲಾಮಿಲ್ಲದೆ ಇಂಬಳಗಳಿಗೆ (ಜಿಗಣೆಗಳಿಗೆ) ಸುಮ್ನೆ ಕಾಲೊಪ್ಪಿಸಿದೆ.

ನಾವು ಇಳಿದದ್ದು ಅಲ್ಲಿನ ರಾಮಪತ್ರೆ ಜಡ್ಡಿಗೆ, ಅಂದರೆ ರಾಮಪತ್ರೆ ಮರಗಳೇ ನೀರಲ್ಲಿ ನಿಂತ ಜೌಗು ಕಾಡಿಗೆ. ಕೆಸರಿನಿಂದ ಬೇರುಗಳು ಮಡಚಿದ ಮಂಡಿಯಂತೆ ಮೇಲೆದ್ದಿವೆ. ಪಾದ ಮುಳುಗುವಷ್ಟೇ ನೀರು, ಆದರೆ ಹರಿಯುವ ನೀರು. ಕತ್ತಲಾದ ಮೇಲೆ ಗೆಳತಿ ನೀರಿನ ಬಿಸಿ ಅಳೆದಳು, ತೇವಾಂಶ ಬರೆದುಕೊಂಡಳು, ಧ್ವನಿಮುದ್ರಕ ಹಚ್ಚಿ ನಿಂತಳು. ಈ ಕೆಲಸದಲ್ಲಿ ಅಲ್ಲಾಡದೆ ನಿಲ್ಲೋದೇ ಜಾಸ್ತಿ!

'ಟೊಕ್, ಟೊಕ್' ಎಂದಿತು ಎಲ್ಲೋ. ಮಂದ ಬೆಳಕಿನಲ್ಲಿ ಹುಡುಕಿದರೆ, ನೀರಿನ ಮೇಲೆ ಬಾಗಿದ ಕಡ್ಡಿಗೆ ಮೊಟ್ಟೆಗಳು ಅಂಟಿಕೊಂಡಿದ್ದವು. ಮುಂಗಾಲೂರಿ ತಲೆಕೆಳಗಾಗಿ ನಿಂತು ಮೊಟ್ಟೆಯಿಟ್ಟ ಹೆಣ್ಣು ಆಗಲೇ ಜಾಗ ಖಾಲಿ ಮಾಡಿತ್ತು. ಗಂಡು ಬಗ್ಗಿ ಮುಂಗೈಯಿಂದ ಕೆಸರು ಬಾಚಿತು. ಹಿಂಗಾಲ ಮೇಲೆ ಎದ್ದು ನಿಂತು ಮೊಟ್ಟೆಗೆ ಮೆತ್ತಿತು. ಮತ್ತೆ ಬಗ್ಗಿತು, ಮತ್ತೆ ಮೆತ್ತಿತು. ನಾವಿದ್ದದ್ದು ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ.

ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಜಗತ್ತಿಗೆ ಪರಿಚಯಿಸಿದ ಕುಂಬಾರ ಕಪ್ಪೆ ಇದು. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಎಂದು ಹೀಗೆ ಮೆತ್ತುತ್ತದೆ ಎಂಬುದು ಸಂಶೋಧಕರ ಊಹೆ. ಗೊದಮೊಟ್ಟೆ ಹೊರಬಂದಾಗ ಕೆಳಗೆ ನೀರಿರಬೇಕು, ಅಲ್ವಾ? ಅಲ್ಲೇ ಇರುವುದು ಪೇಚು. ಘಟ್ಟದ ಎಷ್ಟೋ ಜಡ್ಡಿಗಳು ಹಿಂದೆಯೇ ಅಡಿಕೆ ತೋಟ, ಗದ್ದೆಗಳಾಗಿವೆ. ಉಳಿದವು ಪುಟ್ಟ ತುಂಡುಗಳು. ಜಡ್ಡಿಗೆ ಬೇಲಿ ಹಾಕಿದರೂ, ಮೇಲಿನ ಗುಡ್ಡದ ಒರತೆಯನ್ನು ಬೇರೆಡೆ ತಿರುಗಿಸಿದರೆ ಬೇಲಿಯೊಳಗೆ ಬರೀ ಒಣ ಮಣ್ಣು. ನನ್ನ ಕೇಳಿದರೆ, ಕಾವಲು ಶುರುವಾಗಬೇಕಾದ್ದು ಆ ಒರತೆಯಿಂದ.

ನೀವೂ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲವರ ಜತೆಗೇ ಹೋಗಿ. ಕೆಸರು ಮೆತ್ತಿದ ಕಡ್ಡಿ ಕಂಡರೆ ಪಕ್ಕಕ್ಕೆ ಸರಿಸಬೇಡಿ.