ಕವರ್ ಬೇಡ ಅಂತ ಮೊದಲೇ ಹೇಳಿ

ಮನೆಯಲ್ಲಿ ಪ್ಲಾಸ್ಟಿಕ್ ಕವರ್ ಗುಡ್ಡೆ ಬೀಳುವುದು ತಿಂಗಳ ದಿನಸಿಯಿಂದ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಿಂಗಳ ದಿನಸಿಗೆ ಹೊರಡುವಾಗ ಚೀಟಿ ಬರೆದಿರುತ್ತೇವೆ, ದೊಡ್ಡ ಚೀಲ ಹುಡುಕಿ ಇಟ್ಟುಕೊಂಡಿರುತ್ತೇವೆ. ಕವರ್ ಬರುವುದು ಸಂಜೆ ಕೆಲಸ ಮುಗಿಸಿ ವಾಪಸ್ ಬರುವಾಗ, ಬೀದಿ ತಿರುವಿನ ಅಂಗಡಿಯಲ್ಲಿ ಎರಡು ನಿಮಿಷ ನಿಂತಾಗ. ಅರ್ಧ ಲೀಟರ್ ಹಾಲು, ಒಂದು ಬ್ರೆಡ್, ನಾಳೆ ಬೆಳಿಗ್ಗೆಗೆ ದೋಸೆ ಹಿಟ್ಟು, ಮಗು ಕೇಳಿದ ಬಿಸ್ಕೆಟ್, ಹತ್ತು ರೂಪಾಯಿಗೆ ಕೊತ್ತಂಬರಿ ಸೊಪ್ಪು. ಇದಕ್ಕೆಲ್ಲ ಯಾರೂ ಚೀಲ ಹಿಡಿದು ಹೊರಟಿರುವುದಿಲ್ಲ. ಬೆಂಗಳೂರಿನ ಕಾಂಡಿಮೆಂಟ್ಸ್ ಅಂಗಡಿಗಳು, ನಂದಿನಿ ಪಾರ್ಲರ್‌ಗಳು, ಮೂಲೆಯ ತರಕಾರಿ ಗಾಡಿಗಳು, ಇವೆಲ್ಲ ನಡೆಯುವುದೇ ಹೀಗೆ ದಾರಿಯಲ್ಲಿ ನೆನಪಾಗಿ ನಿಲ್ಲುವವರಿಂದ. ನಮ್ಮ ಬೀದಿಯ ಕಸದಲ್ಲಿ ಕಾಣುವ ಆ ತೆಳು ಕವರ್‌ಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬಂದವು ಅಂತ ನನ್ನ ಅನಿಸಿಕೆ.

ಅಂಗಡಿಯವರ ಕೈ ಒಮ್ಮೆ ಗಮನಿಸಿ. ನಾವು "ಅಣ್ಣ, ಅರ್ಧ ಲೀಟರ್ ಹಾಲು" ಅನ್ನುವಷ್ಟರಲ್ಲಿ ಅವರ ಒಂದು ಕೈ ಕೊಕ್ಕೆಗೆ ನೇತುಹಾಕಿದ ಕವರ್ ಕಂತೆಗೆ ಹೋಗಿರುತ್ತದೆ. ಒಂದನ್ನು ಎಳೆದು, ಬೆರಳಲ್ಲಿ ಉಜ್ಜಿ, ಉಫ್ ಅಂತ ಊದಿ ಬಾಯಿ ಬಿಡಿಸಿ, ಹಾಲನ್ನು ಒಳಗೆ ಇಳಿಸಿ ಆಗಿರುತ್ತದೆ. ಬೇಕಾ ಅಂತ ಯಾರೂ ಕೇಳಲಿಲ್ಲ, ಬೇಕು ಅಂತ ಯಾರೂ ಹೇಳಲಿಲ್ಲ. ಆಮೇಲೆ ನಾವು ಬೇಡ ಅಂದರೆ, "ಇರಲಿ ತಗೊಳ್ಳಿ ಅಕ್ಕ, ಕೈಯಲ್ಲಿ ಹೇಗೆ ಹಿಡ್ಕೊಂಡು ಹೋಗ್ತೀರ" ಅಂತ ಪ್ರೀತಿಯಿಂದಲೇ ಹೇಳುತ್ತಾರೆ. ಒತ್ತಾಯ ಮಾಡಿ ವಾಪಸ್ ಕೊಟ್ಟರೂ ಎಷ್ಟೋ ಸಲ ಆ ಕವರ್ ಅಲ್ಲೇ ಮುದುಡಿ ಕೆಳಗಿನ ಡಬ್ಬಕ್ಕೆ ಬೀಳುತ್ತದೆ, ಯಾಕೆಂದರೆ ಹಾಲಿನ ಪ್ಯಾಕೆಟ್‌ನ ನೀರು ಅದಕ್ಕೆ ತಾಗಿರುತ್ತದೆ.

ಹಾಗಾಗಿ ನಾನು ಹೇಳಬೇಕೆಂದಿರುವುದು ಇಷ್ಟೇ. ಏನು ಬೇಕು ಅಂತ ಹೇಳುವ ಮುಂಚೆ ಏನು ಬೇಡ ಅಂತ ಹೇಳಿ. "ಅಣ್ಣ, ಕವರ್ ಬೇಡ, ಅರ್ಧ ಲೀಟರ್ ಹಾಲು, ಒಂದು ಬ್ರೆಡ್." ಈ ಕ್ರಮದಲ್ಲಿ. ಕೈಯಲ್ಲಿ ಚೀಲ ಇದ್ದರೆ ಬಾಯಿ ತೆರೆಯುವ ಮೊದಲೇ ಅದನ್ನು ಕೌಂಟರ್ ಮೇಲೆ ಇಟ್ಟುಬಿಡಿ, ಮಾತೂ ಬೇಕಾಗಿಲ್ಲ. ದಿನಾ ಹೋಗುವ ಅಂಗಡಿಯಾದರೆ ಸ್ವಲ್ಪ ದಿನಕ್ಕೆ ಅವರಿಗೇ ಅಭ್ಯಾಸ ಆಗುತ್ತದೆ. ನಮ್ಮ ಬೀದಿಯ ಅಂಗಡಿಯವರು ಈಗ ನನ್ನನ್ನು ಕಂಡರೆ ಕವರ್ ಕಡೆ ಕೈ ಹಾಕುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ "ನಿಮಗೆ ಕವರ್ ಬೇಕಾ" ಅಂತ ಕೇಳಿದ್ದನ್ನೂ ನೋಡಿದ್ದೇನೆ, ಅದು ನನಗೆ ತುಂಬ ಖುಷಿ ಕೊಟ್ಟಿತು.

ಇದು ಸಣ್ಣ ವಿಷಯ ಅಂತ ಅನ್ನಿಸಬಹುದು. ಆದರೆ ಜಪಾನಿನ ಉದಾಹರಣೆ ನೋಡಿ. ಅಲ್ಲಿ ಬೀದಿಬೀದಿಗೂ ಇರುವ, ಹಗಲು ರಾತ್ರಿ ತೆರೆದಿರುವ ಸಣ್ಣ ಅಂಗಡಿಗಳನ್ನು ಕೊಂಬಿನಿ ಅಂತಾರೆ. ಒಂದು ಅನ್ನದ ಉಂಡೆ, ಒಂದು ಬಾಟಲಿ ಚಹಾ ಕೊಂಡರೂ ಒಂದು ಚೀಲ ಬರುತ್ತಿತ್ತು. 2020ರ ಜುಲೈ 1ರಿಂದ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು ತೆಗೆದುಕೊಳ್ಳಲೇಬೇಕು ಅಂತ ಸರ್ಕಾರ ನಿಯಮ ಮಾಡಿತು. ಬೆಲೆ ಕೆಲವೇ ಯೆನ್, ಯಾರ ಜೇಬಿಗೂ ಭಾರವಲ್ಲ. ಆದರೆ ಬಿಲ್ ಹಾಕುವವರು ಪ್ರತಿ ಸಲ "ಚೀಲ ಬೇಕಾ" ಅಂತ ಕೇಳಬೇಕಾಯಿತು. ನಿಯಮಕ್ಕೆ ಮುಂಚೆ, ಆ ವರ್ಷದ ಮಾರ್ಚ್‌ನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಒಂದು ವಾರ ಚೀಲವನ್ನೇ ಪಡೆಯದವರು ಹತ್ತರಲ್ಲಿ ಮೂರು ಜನ ಇದ್ದರು. ನವೆಂಬರ್ ಹೊತ್ತಿಗೆ ಅದು ಏಳಾಯಿತು. ದುಡ್ಡಿನಷ್ಟೇ ಕೆಲಸವನ್ನು ಆ ಪ್ರಶ್ನೆಯೂ ಮಾಡಿತು ಅಂತ ನಾನು ನಂಬುತ್ತೇನೆ. ನಮ್ಮಲ್ಲಿ ಆ ಪ್ರಶ್ನೆ ಇಲ್ಲ. ಅವರು ಕೇಳದಿದ್ದರೆ ನಾವೇ ಹೇಳಬೇಕು, ಅಲ್ವಾ?

ನಮ್ಮಲ್ಲಿ ಕಾನೂನು ಇಲ್ಲ ಅಂತೇನೂ ಅಲ್ಲ. ಜಪಾನಿಗಿಂತ ಎಷ್ಟೋ ಗಟ್ಟಿ ಕಾನೂನು ಇದೆ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ರಾಜ್ಯದಲ್ಲೆಲ್ಲ ನಿಷೇಧಿಸಿತು, ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ. ದಪ್ಪ ಎಷ್ಟೇ ಇರಲಿ, ನಿಷೇಧವೇ. ಹಾಲಿನ ಪ್ಯಾಕೆಟ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಆಮೇಲೆ ಕೇಂದ್ರದ ನಿಯಮ ಬಂತು. ಕೈಚೀಲ ಕನಿಷ್ಠ 75 ಮೈಕ್ರಾನ್ ಇರಬೇಕು ಅಂತ 2021ರ ಸೆಪ್ಟೆಂಬರ್ 30ರಿಂದ, 120 ಮೈಕ್ರಾನ್ ಇರಬೇಕು ಅಂತ 2022ರ ಕೊನೆಯಿಂದ. ಹೋಲಿಕೆಗೆ ಹೇಳುವುದಾದರೆ ಮನುಷ್ಯರ ಕೂದಲು ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್ ದಪ್ಪ. ಕೊತ್ತಂಬರಿ ಸೊಪ್ಪಿಗೆ ಕೊಡುವ ಆ ಕರಕರ ಸದ್ದಿನ ಕವರ್ ಒಂದು ಕೂದಲಿನಷ್ಟೂ ದಪ್ಪ ಇರುವುದಿಲ್ಲ. ಕೆಲವು ಅಂಗಡಿಯವರು ದಪ್ಪ ಕವರ್ ತೋರಿಸಿ "ಇದು ನಡೆಯುತ್ತೆ" ಅನ್ನುತ್ತಾರೆ. ಅದು ಕೇಂದ್ರದ ನಿಯಮ ಇಟ್ಟುಕೊಂಡು ಹೇಳುವ ಮಾತು. ಕರ್ನಾಟಕದ ಆದೇಶದಲ್ಲಿ ದಪ್ಪ, ತೆಳು ಅನ್ನುವ ಭೇದವಿಲ್ಲ.

ಇಷ್ಟೆಲ್ಲ ಇದ್ದೂ ಕವರ್ ಯಾಕೆ ಸಿಗುತ್ತದೆ? ಅಂಗಡಿಯವರ ಜೊತೆ ಕೂತು ಮಾತಾಡಿದರೆ ಉತ್ತರ ಒಂದೇ. "ನಾನು ಕೊಡಲ್ಲ ಅಂದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ." ಕವರ್‌ಗೆ ಅವರೂ ಕೈಯಿಂದ ದುಡ್ಡು ಹಾಕಬೇಕು. ಪಾಲಿಕೆಯವರು ಬಂದರೆ ದಂಡ ಕಟ್ಟಬೇಕು, ಕಂತೆ ಕಳೆದುಕೊಳ್ಳಬೇಕು. ಹತ್ತು ರೂಪಾಯಿ ವ್ಯಾಪಾರದಲ್ಲಿ ಸಿಗುವ ಲಾಭವೇ ಚಿಲ್ಲರೆ, ಅದರಲ್ಲಿ ಕವರ್ ಖರ್ಚು ಬೇರೆ. ಆದರೂ ಗಿರಾಕಿ ಹೋದರೆ ಅನ್ನುವ ಭಯ ದಂಡದ ಭಯಕ್ಕಿಂತ ದೊಡ್ಡದು. ಹಾಗಾಗಿ ನಾವು ಬೇಡ ಅಂದರೆ ಅವರಿಗೆ ಬೇಜಾರು ಆಗುತ್ತದೆ ಅಂತ ಸಂಕೋಚ ಪಡಬೇಕಾಗಿಲ್ಲ. ಅವರ ದುಡ್ಡು ಉಳಿಯುತ್ತದೆ.

ಹೋಗಲಿ, ಯಾವ ಚೀಲ? ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ದೊಡ್ಡ ಗೊಂದಲ ಇದೆ. ಕವರ್ ನಿಂತ ಕಡೆ ಈಗ ಬಣ್ಣಬಣ್ಣದ, ಮುಟ್ಟಿದರೆ ಬಟ್ಟೆಯ ಹಾಗೆ ಇರುವ ಚೀಲ ಕೊಡುತ್ತಾರೆ. ಬಟ್ಟೆ ಅಂಗಡಿ, ಸ್ವೀಟ್ ಅಂಗಡಿ, ಮೆಡಿಕಲ್ ಶಾಪ್, ಎಲ್ಲ ಕಡೆ ಅದೇ. ಅದು ಬಟ್ಟೆ ಅಲ್ಲ, ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್. ಎಳೆಗಳನ್ನು ನೇಯದೆ ಬಿಸಿಯಲ್ಲಿ ಒತ್ತಿ ಅಂಟಿಸಿರುತ್ತಾರೆ. ಹತ್ತಿರದಿಂದ ನೋಡಿದರೆ ನೇಯ್ಗೆಯ ಹಾಸುಹೊಕ್ಕು ಕಾಣುವುದಿಲ್ಲ, ಚುಕ್ಕಿ ಚುಕ್ಕಿ ಅಚ್ಚು ಕಾಣುತ್ತದೆ. ಅಂಚಿನಿಂದ ಒಂದು ಎಳೆ ಕಿತ್ತು ನೋಡಿ. ನಿಜವಾದ ಬಟ್ಟೆಯಾದರೆ ದಾರ ಉದ್ದಕ್ಕೆ ಬರುತ್ತದೆ, ಇದರಲ್ಲಿ ಬರುವುದಿಲ್ಲ. ಬಿಸಿಲಲ್ಲಿ ಸ್ವಲ್ಪ ಕಾಲ ಬಿದ್ದಿದ್ದರೆ ಪುಡಿಪುಡಿಯಾಗಿ ಉದುರಿ ಮಣ್ಣಿಗೆ ಸೇರುತ್ತದೆ, ಆಮೇಲೆ ಅದನ್ನು ಆಯಲು ಯಾರಿಂದಲೂ ಆಗುವುದಿಲ್ಲ. ಇದನ್ನು ಬಟ್ಟೆ ಚೀಲ ಅಂತ ಕೊಡುವುದನ್ನು ನೋಡಿದರೆ ನನಗೆ ನಿಜಕ್ಕೂ ಕೋಪ ಬರುತ್ತದೆ. ಒಳ್ಳೆಯ ಮನಸ್ಸಿನಿಂದ ತೆಗೆದುಕೊಂಡವರಿಗೆ ಆಗುವ ಮೋಸ ಅದು.

ಹಾಗಂತ ಓಡಿ ಹೋಗಿ ಹೊಸ ಹತ್ತಿ ಚೀಲ ಕೊಳ್ಳುವುದೂ ಬೇಡ. ಹತ್ತಿ ಬೆಳೆಯಲು ನೀರು, ಗೊಬ್ಬರ, ಔಷಧಿ ತುಂಬ ಬೇಕು. ಇಂಗ್ಲೆಂಡಿನ ಪರಿಸರ ಏಜೆನ್ಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕದಲ್ಲಿ, ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನಕ್ಕೆ ಕಡಿಮೆ ಹೊರೆ ಆಗಬೇಕಾದರೆ ಒಂದು ಹತ್ತಿ ಚೀಲವನ್ನು 131 ಸಲ ಬಳಸಬೇಕು. ಆ ಲೆಕ್ಕದಲ್ಲಿ ಹಸುವಿನ ಹೊಟ್ಟೆ, ಕಟ್ಟಿಕೊಂಡ ಚರಂಡಿ ಸೇರಿಲ್ಲ, ಅದು ಬೇರೆ ಮಾತು. ಆದರೆ ಪ್ರತಿ ಸಮಾರಂಭದಲ್ಲೂ ಹೊಸ ಚೀಲ ತಂದು ಬೀರುವಿನಲ್ಲಿ ತುಂಬಿಡುವುದರಿಂದ ಏನೂ ಆಗುವುದಿಲ್ಲ ಅನ್ನುವುದಂತೂ ಖಚಿತ.

ನಮಗೆ ಹೊಸದು ಬೇಕಾಗಿಯೂ ಇಲ್ಲ. ಕನ್ನಡದವರ ಮನೆಯಲ್ಲಿ ತಾಂಬೂಲದ ಚೀಲಗಳಿಗೆ ಬರವಿದೆಯೇ? ಯಾವುದೋ ಮದುವೆ, ಯಾವುದೋ ಗೃಹಪ್ರವೇಶ, ವಧೂವರರ ಹೆಸರು ಅಚ್ಚಾಗಿರುವ ಚೀಲಗಳು ಅಡುಗೆಮನೆಯ ಬಾಗಿಲ ಹಿಂದೆ ಒಂದರೊಳಗೊಂದು ತುರುಕಿ ಕೂತಿರುತ್ತವೆ. ಅಳತೆಯೂ ಸರಿಯಾಗಿರುತ್ತದೆ. ಒಂದು ತೆಂಗಿನಕಾಯಿ ಹಿಡಿಸುವ ಚೀಲದಲ್ಲಿ ಹಾಲು, ಬ್ರೆಡ್ಡು, ಸೊಪ್ಪು ಆರಾಮಾಗಿ ಹಿಡಿಸುತ್ತವೆ. ಹಳೆ ಪ್ಯಾಂಟಿನ ಕಾಲು, ಹರಿದ ಕಾಟನ್ ಸೀರೆ, ದಿಂಬಿನ ಕವರ್ ಕೊಟ್ಟರೆ ಬೀದಿಯ ಟೈಲರ್ ಹೊಲಿದು ಕೊಡುತ್ತಾರೆ. ನನ್ನ ಅಮ್ಮನ ಹಳೆ ಸೀರೆಯಿಂದ ಹೊಲಿಸಿದ ಒಂದು ಚೀಲ ಮಡಿಸಿದರೆ ಕರ್ಚೀಫಿನಷ್ಟೇ ಆಗುತ್ತದೆ. ಹ್ಯಾಂಡ್‌ಬ್ಯಾಗಿನಲ್ಲಿ ಇದೆ ಅನ್ನುವುದೇ ಗೊತ್ತಾಗುವುದಿಲ್ಲ.

ಚೀಲ ಎಲ್ಲಿರಬೇಕು ಅನ್ನುವುದು ಯಾವ ಚೀಲ ಅನ್ನುವುದಕ್ಕಿಂತ ಮುಖ್ಯ. ಮನೆಯಲ್ಲಿದ್ದರೆ ಇದ್ದೂ ಇಲ್ಲದ ಹಾಗೆ. ನೆನಪಾಗಿ ನಿಲ್ಲುವ ವ್ಯಾಪಾರಕ್ಕೆ ಚೀಲ ನಮ್ಮ ಜೊತೆಯಲ್ಲೇ ಓಡಾಡುತ್ತಿರಬೇಕು. ಸ್ಕೂಟರ್ ಡಿಕ್ಕಿಯಲ್ಲಿ ಒಂದು, ಆಫೀಸ್ ಬ್ಯಾಗಿನಲ್ಲಿ ಒಂದು, ಗಂಡಸರಾದರೆ ಜೇಬಿನಲ್ಲಿ ಮಡಿಸಿದ್ದು ಒಂದು. ಸಾಮಾನು ಇಳಿಸಿದ ತಕ್ಷಣ ಚೀಲವನ್ನು ಚಪ್ಪಲಿ ಪಕ್ಕಕ್ಕೆ ಅಥವಾ ಗಾಡಿ ಕೀ ನೇತುಹಾಕುವ ಮೊಳೆಗೆ ಹಾಕಿಬಿಡಿ. ಅಡುಗೆಮನೆಗೆ ಹೋದರೆ ಅದು ವಾಪಸ್ ಬರುವುದಿಲ್ಲ. ಒಂದೇ ಸಾಮಾನಾದರೆ ಕೈಯಲ್ಲಿ ಹಿಡಿದು ಬನ್ನಿ, ಬಿಸ್ಕೆಟ್ ಪ್ಯಾಕೆಟ್ಟಿಗೆ ಚೀಲ ಯಾಕೆ?

ಒದ್ದೆ ಸಾಮಾನು ನಿಜವಾಗಿ ಕಷ್ಟ. ಹಿಟ್ಟು, ಮೊಸರು, ಮೀನು, ಮಾಂಸ, ಹೋಟೆಲ್ ಸಾಂಬಾರ್. ಕುದಿಯುವ ಸಾಂಬಾರನ್ನು ತೆಳು ಕವರ್‌ಗೆ ಸುರಿದು ರಬ್ಬರ್ ಬ್ಯಾಂಡ್ ಹಾಕಿ ಕೊಡುವುದನ್ನು ನೋಡಿದರೆ ನನಗೆ ಭಯ. ಅದಕ್ಕೆ ಸ್ಟೀಲ್ ಡಬ್ಬವೇ ದಾರಿ, ಪಾರ್ಸಲ್ ತರಬೇಕು ಅಂತ ಮೊದಲೇ ಗೊತ್ತಿರುವ ದಿನವಾದರೂ. ದರ್ಶಿನಿಗಳಲ್ಲಿ ಡಬ್ಬ ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ, ನಾಲ್ಕು ಸೌಟು ಜಾಸ್ತಿಯೇ ಹಾಕುತ್ತಾರೆ. ಹೂವಿನವರಿಗೆ ಬಾಳೆ ಎಲೆ ಇನ್ನೂ ಮರೆತಿಲ್ಲ, ಎಲೆಯಲ್ಲೇ ಸುತ್ತಿಕೊಡಿ ಅಂದರೆ ಸುತ್ತಿಕೊಡುತ್ತಾರೆ. ಹೂವು ಬಾಡುವುದೂ ನಿಧಾನ.

"ಕವರ್ ಬರದಿದ್ದರೆ ಕಸ ಯಾವುದರಲ್ಲಿ ಕಟ್ಟೋದು" ಅಂತ ಕೇಳುವವರಿಗೆ ಒಂದು ಮಾತು. ಬೆಂಗಳೂರಲ್ಲಿ ಹಸಿ ಕಸವನ್ನು ಕವರ್‌ನಲ್ಲಿ ಕಟ್ಟಬೇಕಾಗಿಯೇ ಇಲ್ಲ. ಎರಡು ಬುಟ್ಟಿ, ಒಂದು ಚೀಲ ಅನ್ನುವ ಪದ್ಧತಿಯನ್ನು, ಅಂದರೆ ಹಸಿ ಕಸಕ್ಕೂ ಸ್ಯಾನಿಟರಿ ಕಸಕ್ಕೂ ಒಂದೊಂದು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ, ಹೈಕೋರ್ಟ್ 2015ರ ಡಿಸೆಂಬರ್‌ನಲ್ಲೇ ಕಡ್ಡಾಯ ಮಾಡಿತು. ಹಸಿ ಕಸ ಬುಟ್ಟಿಯಿಂದ ನೇರವಾಗಿ ಗಾಡಿಗೆ ಸುರಿಯಬೇಕು, ಬುಟ್ಟಿಯ ತಳಕ್ಕೆ ಹಳೆ ಪೇಪರ್ ಹಾಸಿದರೆ ಸಾಕು. ಕವರ್‌ನಲ್ಲಿ ಗಂಟು ಕಟ್ಟಿ ಕೊಟ್ಟರೆ ಪೌರಕಾರ್ಮಿಕರು ಬರಿಗೈಯಲ್ಲಿ ಅದನ್ನು ಹರಿದು ಬಿಚ್ಚಬೇಕಾಗುತ್ತದೆ. ಬಿಚ್ಚದೆ ಹೋದರೆ ಅದು ಗಂಟಿನ ಸಮೇತ ಊರಾಚೆಯ ಕಸದ ಗುಡ್ಡಕ್ಕೆ ಹೋಗುತ್ತದೆ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನ ನಮ್ಮ ಕಸದ ನಾತದಲ್ಲಿ ವರ್ಷಗಟ್ಟಲೆ ಬದುಕಿ, ಕೊನೆಗೆ ಬೀದಿಗಿಳಿದು ಲಾರಿಗಳನ್ನು ನಿಲ್ಲಿಸಬೇಕಾಯಿತು. ಅನ್ನ ಮೆತ್ತಿದ ತೆಳು ಕವರನ್ನು ಒಣ ಕಸದ ಕೇಂದ್ರದವರೂ ಇಷ್ಟಪಡುವುದಿಲ್ಲ. ಒಂದೊಂದು ಕೆಲವೇ ಗ್ರಾಂ ತೂಗುತ್ತದೆ, ಒಂದು ಕಿಲೋ ಆಗಬೇಕಾದರೆ ನೂರಾರು ಬೇಕು, ತೊಳೆಯುವ ಖರ್ಚೂ ಹುಟ್ಟುವುದಿಲ್ಲ. ರಸ್ತೆ ಬದಿ ಬಿದ್ದರೆ ಹಸು ತಿನ್ನುತ್ತದೆ. ಒಳಗಿನ ಅನ್ನದ ವಾಸನೆಗೆ ಕವರ್ ಸಮೇತ ನುಂಗುತ್ತದೆ, ಅದು ಹೊಟ್ಟೆಯಲ್ಲೇ ಉಳಿಯುತ್ತದೆ. ಆಪರೇಷನ್ ಮಾಡಿ ಹತ್ತಾರು ಕೆಜಿ ಪ್ಲಾಸ್ಟಿಕ್ ಹೊರಗೆ ತೆಗೆದ ಪಶುವೈದ್ಯರಿದ್ದಾರೆ.

ನಮ್ಮಲ್ಲೂ ಚೀಲಕ್ಕೆ ದುಡ್ಡು ಇಟ್ಟರೆ ಆಗದೇ ಅಂತ ಕೆಲವರು ಕೇಳುತ್ತಾರೆ. ದೊಡ್ಡ ಮಳಿಗೆಗಳಲ್ಲಿ ಅದು ನಡೆದಿದೆ, ಜಗಳವೂ ಆಗಿದೆ. ಮುಂಚೆ ತಿಳಿಸದೆ ಬಿಲ್ ಹಾಕುವಾಗ ಚೀಲದ ಬೆಲೆ ಸೇರಿಸುವುದು ಅನ್ಯಾಯದ ವ್ಯಾಪಾರ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್‌ನಲ್ಲಿ ಹೇಳಿತು. ಅದು ನ್ಯಾಯವೇ. ಬೀದಿಯ ಸಣ್ಣ ಅಂಗಡಿಗೆ ನನಗೆ ಅದಕ್ಕಿಂತ ಸರಿ ಅನ್ನಿಸುವುದು ಎರವಲು ಚೀಲ. ಮನೆಮನೆಯ ತಾಂಬೂಲದ ಚೀಲಗಳನ್ನು ಒಗೆದು ಅಂಗಡಿ ಮುಂದೆ ಒಂದು ಬುಟ್ಟಿಯಲ್ಲಿ ಇಡುವುದು. ಮರೆತು ಬಂದವರು ಒಂದು ತೆಗೆದುಕೊಂಡು ಹೋಗಿ ಮತ್ತೆ ಬರುವಾಗ ತಂದು ಹಾಕುವುದು. ಕೆಲವು ವಾಪಸ್ ಬರುವುದಿಲ್ಲ, ಪರವಾಗಿಲ್ಲ, ಮುಂದಿನ ಮದುವೆ ಸೀಸನ್‌ಗೆ ಇನ್ನಷ್ಟು ಬರುತ್ತವೆ.

ನಮ್ಮ ಬೀದಿಯ ಅಂಗಡಿಯವರು ಇದಕ್ಕೆ ಒಪ್ಪಿದ್ದಾರೆ. ಗೌರಿ ಗಣೇಶ ಹಬ್ಬದ ಹಿಂದಿನ ಎರಡು ದಿನ ಹೂವು, ವೀಳ್ಯದೆಲೆ, ಬಾಳೆಹಣ್ಣು, ಗರಿಕೆ ಅಂತ ಒಂದೊಂದಕ್ಕೂ ಒಂದೊಂದು ಕವರ್ ಹೋಗುತ್ತದೆ. ಅಷ್ಟರೊಳಗೆ ಬುಟ್ಟಿ ಇಟ್ಟುಬಿಡಬೇಕು ಅಂತ ಮೇಲಿನ ಮನೆಯವರೂ ನಾನೂ ಸೇರಿ ಚೀಲ ಒಟ್ಟುಮಾಡುತ್ತಿದ್ದೇವೆ.