ಎರಿಮಣ್ಣಿನ ತ್ರಿಪದಿ: ನನ್ನ ಹಾಡು ಎಲ್ಲಿಗೆ ಬಂತು

ಮೊದಲ ತ್ರಿಪದಿ ಈ ವಾರ ಒಂದು ಹದಕ್ಕೆ ಬಂತು. ಗಂಡ ಹೆಂಡತಿಯ ಮುನಿಸು, ಆಮೇಲೆ ಅವಳ ಕ್ಷಮೆ, ಇಷ್ಟೇ ಹಾಡಿನ ವಸ್ತು. ಬೀಸುವ ಕಲ್ಲಿನ ಪದದ ಧಾಟಿಯಲ್ಲೇ ಹಾಡಬೇಕು ಅನ್ನೋದು ಶುರುವಿನಿಂದಲೂ ನನ್ನ ಆಸೆ. ಹಲಸಂಗಿ ಗೆಳೆಯರು ಅನ್ನೋ ಸಾಹಿತಿಗಳ ಬಳಗ ವಿಜಯಪುರದ ಕಡೆ ಸಂಗ್ರಹಿಸಿದ ಪದಗಳನ್ನು ಓದಿದಾಗಿನಿಂದ ಆ ಧಾಟಿ ಕಿವಿ ಬಿಟ್ಟು ಹೋಗಿಲ್ಲ.

ತ್ರಿಪದಿಯ ಲೆಕ್ಕ ಗೊತ್ತಲ್ವಾ? ಮೂರು ಸಾಲು, 11 ಗಣ, ಅಂದರೆ ಅಕ್ಷರಗಳ 11 ಗುಂಪು. 6ನೆಯದು ಮತ್ತು 10ನೆಯದು ಚಿಕ್ಕ ಗಣ, ಅಂದರೆ ಬ್ರಹ್ಮಗಣ. ಉಳಿದವೆಲ್ಲ ಅದಕ್ಕಿಂತ ದೊಡ್ಡ ವಿಷ್ಣುಗಣ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೆತ್ತಿದ, ಕಪ್ಪೆ ಅರಭಟ್ಟ ಅನ್ನೋ ವೀರನ ಶಾಸನದಲ್ಲೂ ಇದೇ ಮಟ್ಟು. 'ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ' ಅಂತ ಅವನ ಗುಣ ಹೇಳುತ್ತದೆ. ಆದರೆ ಕಾಡಿದವರನ್ನು ಅವನು ಸುಮ್ನೆ ಬಿಡುವವನಲ್ಲ. ಸೇಡಿನ ಮಾತು ಇಷ್ಟು ಗಟ್ಟಿಯಾಗಿ ಕೂತ ಮಟ್ಟಿನಲ್ಲಿ ಕ್ಷಮೆಯನ್ನೂ ಕೂರಿಸಬೇಕು. ಈ ಕೆಲಸದಲ್ಲಿ ನನಗೆ ಜಾಸ್ತಿ ಹುರುಪು ಕೊಡುವುದು ಅದೇ.

ಚಿತ್ರ ಯಾವುದು ಅನ್ನೋದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಪ್ರೇಮದ ಹಾಡುಗಳಲ್ಲಿ ಕ್ಷಮೆ ಅಂದ ಕೂಡಲೇ ಮಳೆ ಬಂದು ಎಲ್ಲ ತೊಳೆದುಬಿಡುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ನೊಂದವರ ಮನಸ್ಸಲ್ಲಿ ಏನೂ ತೊಳೆದು ಹೋಗುವುದಿಲ್ಲ. ಎರಿ ಹೊಲ ಬೇರೆ ಥರ. ಬೇಸಿಗೆಯಲ್ಲಿ ಆ ಕಪ್ಪು ಮಣ್ಣು ಕುಗ್ಗಿ, ಕೈ ತೂರುವಷ್ಟು ಅಗಲ ಬಿರಿಯುತ್ತದೆ. ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಉದುರುತ್ತದೆ. ಮೊದಲ ಮಳೆಯ ನೀರು ನೇರ ಆಳಕ್ಕೆ ಇಳಿದುಬಿಡುತ್ತದೆ, ಬಿರುಕು ಹಾಗೇ ಇರುತ್ತದೆ. ಮಳೆ ಮತ್ತೆ ಮತ್ತೆ ಬಂದು ಮಣ್ಣು ಉಬ್ಬಿದ ಮೇಲೇ ಅದು ಕೂಡುವುದು. ಅಷ್ಟರಲ್ಲಿ ಮೇಲಿನದು ಕೆಳಗೆ ಹೋಗಿರುತ್ತದೆ. ಈ ಹೊಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಅನ್ನುವುದು ಇದಕ್ಕೇ. ನೆಲ ಮೊದಲಿನಂತೆ ಆಗುವುದಿಲ್ಲ, ಆದರೆ ಬಿತ್ತನೆಗೆ ಹದವಾಗುತ್ತದೆ. ನನ್ನ ಹಾಡಿನ ಹೆಂಡತಿಯ ಕ್ಷಮೆಯೂ ಹೀಗೇ ಇರಬೇಕು.

ಈಗಿನ ರೂಪ ಇದು:

ಹೊಲದಾಗ ಬಿಸಲೀಗಿ ಬಿರಿದೀತ ಎರಿಮಣ್ಣು
ಮೇಲಿನ ಮಣ್ಣು ಒಳಸೇರಿ | ಮಳಿಬಂದ್ರ
ಕಾಲಕ್ಕ ಬಿರುಕು ಕೂಡೀತ

ಕೊನೆಯ ಸಾಲಲ್ಲಿ ಮೊದಲು 'ತಾನಾಗಿ' ಅಂತಿತ್ತು. ತೆಗೆದೆ. ತಾನಾಗಿ ಕೂಡುತ್ತದೆ ಅಂದರೆ ಗಂಡನಿಗೆ ಬಹಳ ಸಲೀಸಾಯಿತು. 'ಕಾಲಕ್ಕ' ಅಂದಾಗ ಅವನೂ ಕಾಯಬೇಕಾಗುತ್ತದೆ. ಮೂರೂ ಸಾಲಿನ ಎರಡನೇ ಅಕ್ಷರದಲ್ಲಿ 'ಲ' ಬಂದದ್ದು ಇನ್ನೊಂದು ಲಾಭ, ಹಾಡುವಾಗ ನಾಲಿಗೆಗೆ ಆಸರೆ.

ಗೀಟು ಹಾಕಿದ ಕಡೆ ನಿಂತು, ಹಿಂದಿನ ಮಾತನ್ನು ಮತ್ತೆ ಎತ್ತಿಕೊಂಡು ಕೊನೆಯ ಸಾಲಿಗೆ ಹೋಗಬೇಕು. ಫೋನಿನಲ್ಲಿ ಒರಟಾಗಿ ರೆಕಾರ್ಡ್ ಮಾಡಿ ಕೇಳಿದೆ. 'ಒಳಸೇರಿ' ಎರಡನೇ ಸಲ ಬಂದಾಗ ಅರ್ಥ ಇನ್ನೂ ಆಳಕ್ಕೆ ಇಳಿಯುತ್ತದೆ. ತಾಳವಾದ್ಯ ಬೇಡ ಅಂತ ನಿರ್ಧರಿಸಿದ್ದೇನೆ, ಕಲ್ಲು ತಿರುಗುವ ಸದ್ದಷ್ಟೇ ಸಾಕು.

ಎರಡನೇ ತ್ರಿಪದಿಯಲ್ಲಿ ಅವಳೇ ಮಾತಾಡುತ್ತಾಳೆ. ಸದ್ಯಕ್ಕೆ ಕೊನೆಯ ಸಾಲು ಮಾತ್ರ ಸಿಕ್ಕಿದೆ: 'ಬಂದಾರ ಬರಲಿ ಬಿತ್ತೂಕ'. ಹಿಂಗಾರಿ ಜೋಳ ಬಿತ್ತುವ ಹೊತ್ತು ಅಂತ ಕೇಳುವವರಿಗೆ ತಿಳಿಯಬೇಕು. ಬಿಳಿಜೋಳ ನೆಲದಲ್ಲಿ ಉಳಿದ ತೇವದ ಮೇಲೇ ಬೆಳೆಯುವ ಪೈರು. ಆ ತೇವವನ್ನು ಮೇಲಿನ ಎರಡು ಸಾಲಿಗೆ ತರುವುದು ಮುಂದಿನ ವಾರದ ಕೆಲಸ.