ದೈತ್ಯ ಕಪ್ಪುರಂಧ್ರಗಳ ಜೋಡಿಯನ್ನು ಲೈಗೋ ಯಾಕೆ ಹಿಡಿಯುವುದಿಲ್ಲ?

ಗುರುತ್ವ ಅಲೆಗಳ (ಭಾರಿ ಕಾಯಗಳು ಸುತ್ತುವಾಗ ದೇಶಕಾಲದಲ್ಲಿ ಏಳುವ ಅಲೆಗಳ) ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ: ಆ ಅಲೆಗಳನ್ನು ಹಿಡಿಯುವ ಅಮೆರಿಕದ ಉಪಕರಣ ಲೈಗೋ ಇಷ್ಟೊಂದು ಕಪ್ಪುರಂಧ್ರಗಳ ವಿಲೀನ ಹಿಡಿದಿದೆಯಲ್ಲ, ಗೆಲಾಕ್ಸಿಗಳ ಕೇಂದ್ರದಲ್ಲಿ ಕೂತಿರುವ ಕೋಟಿಗಟ್ಟಲೆ ಸೂರ್ಯರ ತೂಕದ ಜೋಡಿಗಳನ್ನು ಯಾಕೆ ಹಿಡಿಯುವುದಿಲ್ಲ?

ಅವು ತೀರಾ ನಿಧಾನ, ಅದಕ್ಕೆ. ಒಂದು ಸುತ್ತಿಗೆ ವರ್ಷಗಳೇ ಬೇಕು. ಸುಮಾರು 10 ಹರ್ಟ್ಸ್‌ಗಿಂತ (ಸೆಕೆಂಡಿಗೆ ಹತ್ತು ಅಲೆಗಿಂತ) ಕೆಳಗೆ ಲೈಗೋಗೆ ನೆಲದ ಅದುರುವಿಕೆ ಬಿಟ್ಟು ಬೇರೇನೂ ಕೇಳಿಸದು.

ಹಾಗಾದರೆ ಬೆಳಕಿನಲ್ಲಿ ನೋಡಬಹುದಲ್ಲ? ನೋಡುತ್ತಾರೆ, ಮೋಸವೂ ಹೋಗುತ್ತಾರೆ. ಪಿಜಿ 1302-102 ಎಂಬ ಕ್ವೇಸಾರ್ (ಕಪ್ಪುರಂಧ್ರಕ್ಕೆ ಬೀಳುವ ಅನಿಲದಿಂದ ಉಜ್ವಲವಾಗಿ ಬೆಳಗುವ ಗೆಲಾಕ್ಸಿ ಕೇಂದ್ರ) 5.2 ವರ್ಷಕ್ಕೊಮ್ಮೆ ಬೆಳಗಿ ಮಂಕಾಗುತ್ತದೆ, ಅಲ್ಲಿ ಜೋಡಿ ಸುತ್ತುತ್ತಿರಬಹುದು ಎಂದು 2015ರಲ್ಲಿ ಪ್ರಕಟವಾಯಿತು. ಆದರೆ ಇದು ಸಿಕ್ಕ ಕ್ಯಾಟಲಿನಾ ಆಕಾಶ ಸಮೀಕ್ಷೆಯ ಒಂಬತ್ತು ವರ್ಷದ ದತ್ತಾಂಶದಲ್ಲಿ ಎರಡು ಸುತ್ತೂ ತುಂಬುವುದಿಲ್ಲ. ಜೋಡಿ ಇಲ್ಲದ ಕ್ವೇಸಾರ್‌ಗಳ ಬೆಳಕೂ ಯದ್ವಾತದ್ವಾ ಏರಿಳಿಯುತ್ತದೆ; ಎರಡೂವರೆ ಲಕ್ಷ ಕ್ವೇಸಾರ್ ಜಾಲಾಡಿದರೆ ಕೆಲವು ಬರೀ ಆಕಸ್ಮಿಕವಾಗಿ ತಾಳ ಹಿಡಿದಂತೆ ಕಾಣುತ್ತವೆ. ಐದು ಸುತ್ತಾದರೂ ಕಾಣದೆ ನಂಬಬಾರದು ಎನ್ನುವವರ ಪಕ್ಷ ನನ್ನದು.

ಜೋಡಿ ಇರಬಹುದು ಎನ್ನಲಾಗುವ ಇನ್ನೊಂದು ಗೆಲಾಕ್ಸಿ ಕೇಂದ್ರ ಓಜೆ 287ರ ಕತೆ ಇನ್ನೂ ಸ್ವಾರಸ್ಯದ್ದು. ಸುಮಾರು 12 ವರ್ಷಕ್ಕೊಮ್ಮೆ ಅದು ಭುಗಿಲೇಳುವುದಕ್ಕೆ 19ನೇ ಶತಮಾನದ ಛಾಯಾಚಿತ್ರ ಫಲಕಗಳಿಂದಲೂ ದಾಖಲೆ ಇದೆ. 2019ರ ಜುಲೈ 31ರ ಸ್ಫೋಟ, ಜೋಡಿಯ ಕಕ್ಷೆಯಿಂದ ಲೆಕ್ಕ ಹಾಕಿದ ಹೊತ್ತಿಗೇ ಸ್ಪಿಟ್ಜರ್ ದೂರದರ್ಶಕಕ್ಕೆ ಸಿಕ್ಕಿತು. 2022ರ ಅಕ್ಟೋಬರಿಗೆ ಬರಬೇಕಿದ್ದದ್ದು ಬರಲಿಲ್ಲ! ದೊಡ್ಡ ರಂಧ್ರದ ತೂಕ 1,800 ಕೋಟಿ ಸೂರ್ಯರಷ್ಟೋ, ಬರೀ 10 ಕೋಟಿಯೋ ಎಂಬ ಜಗಳ ಮುಗಿದಿಲ್ಲ.

ಇಷ್ಟು ನಿಧಾನದ ಅಲೆಗೆ ಗಡಿಯಾರವೂ ಆಕಾಶದಲ್ಲೇ ಬೇಕು: ಮಿಲಿಸೆಕೆಂಡ್ ಪಲ್ಸಾರ್‌ಗಳು, ಅಂದರೆ ಸೆಕೆಂಡಿಗೆ ನೂರಾರು ಸಲ ತಿರುಗುತ್ತಾ ಕರಾರುವಾಕ್ಕಾಗಿ ರೇಡಿಯೋ ಮಿಡಿತ ಕಳಿಸುವ ಸತ್ತ ತಾರೆಗಳು. ಗುರುತ್ವ ಅಲೆ ಹಾದರೆ ಮಿಡಿತ ಕೊಂಚ ಬೇಗ ಇಲ್ಲವೇ ತಡವಾಗಿ ಬರುತ್ತದೆ. ಒಂದೊಂದನ್ನೂ ಎರಡು-ನಾಲ್ಕು ವಾರಕ್ಕೊಮ್ಮೆ, ವರ್ಷಾನುಗಟ್ಟಲೆ ನೋಡಿ, ಮಿಡಿತ ಬರಬೇಕಾದ ಹೊತ್ತನ್ನೂ ಬಂದ ಹೊತ್ತನ್ನೂ ಕಳೆಯಬೇಕು. ಹುಡುಕುವ ವ್ಯತ್ಯಾಸ ಸುಮಾರು 100 ನ್ಯಾನೋಸೆಕೆಂಡ್. ಅಷ್ಟನ್ನು ಕೆಡಿಸಲು ಬೇಕಾದಷ್ಟಿದೆ. ದಾರಿಯಲ್ಲಿನ ಎಲೆಕ್ಟ್ರಾನ್‌ಗಳು ಕಡಿಮೆ ಆವರ್ತನದ ರೇಡಿಯೋ ಅಲೆಯನ್ನು ಹೆಚ್ಚು ತಡವಾಗಿಸುತ್ತವೆ, ಅದೂ ದಿನದಿಂದ ದಿನಕ್ಕೆ ಬದಲಾಗುತ್ತಾ. ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೋ ದೂರದರ್ಶಕ 300-500 ಮೆಗಾಹರ್ಟ್ಸ್‌ನಲ್ಲೂ 1,400ರ ಆಸುಪಾಸಿನಲ್ಲೂ ಒಟ್ಟಿಗೆ ನೋಡುವುದು ಈ ವಿಳಂಬವನ್ನು ಅಳೆದು ಕಳೆಯುವುದಕ್ಕೇ. ಭೂಮಿಯ ಗಡಿಯಾರ ತಪ್ಪಿದರೆ ಎಲ್ಲ ಪಲ್ಸಾರ್‌ಗಳೂ ಒಂದೇ ಥರ ತಪ್ಪುತ್ತವೆ. ಗುರುಗ್ರಹದ ಸ್ಥಾನ ತಪ್ಪಾಗಿ ಲೆಕ್ಕ ಹಾಕಿದ್ದರೆ ಸೌರಮಂಡಲದ ತೂಕದ ಕೇಂದ್ರವೂ ತಪ್ಪಿ, ಆಕಾಶದ ಒಂದು ಬದಿಯವು ಮುಂದೆ, ಎದುರು ಬದಿಯವು ಹಿಂದೆ. ಗುರುತ್ವ ಅಲೆಯ ಮುದ್ರೆ ಬೇರೆಯೇ: ಆಕಾಶದಲ್ಲಿ ಹತ್ತಿರ ಕಾಣುವ ಎರಡು ಪಲ್ಸಾರ್‌ಗಳಲ್ಲಿ ವ್ಯತ್ಯಾಸ ಒಟ್ಟಿಗೆ ಹೋಗುತ್ತದೆ, ನಡುವಿನ ಕೋನ 80 ಡಿಗ್ರಿ ಸುಮಾರಿದ್ದರೆ ವಿರುದ್ಧವಾಗುತ್ತದೆ, 180ಕ್ಕೆ ಮತ್ತೆ ಅರ್ಧದಷ್ಟು ಕೂಡಿಬರುತ್ತದೆ. 1983ರಲ್ಲಿ ಹೆಲಿಂಗ್ಸ್ ಮತ್ತು ಡೌನ್ಸ್ ಬರೆದಿಟ್ಟ ಈ ವಕ್ರರೇಖೆಯ ಸುಳಿವು 2023ರ ಜೂನ್‌ನಲ್ಲಿ ಉತ್ತರ ಅಮೆರಿಕದ ನ್ಯಾನೋಗ್ರಾವ್ ತಂಡದ 67 ಪಲ್ಸಾರ್‌ಗಳಲ್ಲಿ, ಯುರೋಪ್-ಭಾರತ ಜಂಟಿ ದತ್ತಾಂಶದಲ್ಲಿ ಸಿಕ್ಕಿತು. ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳಲು ವಿಜ್ಞಾನಿಗಳು ಕೇಳುವ ಐದು ಸಿಗ್ಮಾದ ಗಡಿ ಮಾತ್ರ ಆಗ ದಾಟಿರಲಿಲ್ಲ.

ಆದರೆ ಅದು ಅಸಂಖ್ಯ ಜೋಡಿಗಳ ಒಟ್ಟು ಗದ್ದಲ, ಅದೂ ಮೂಲ ಕಪ್ಪುರಂಧ್ರಗಳೇ ಆಗಿದ್ದರೆ. ಒಂದೇ ಜೋಡಿಯನ್ನು ಬೇರ್ಪಡಿಸಲು ಬೆಳಕಿನ ಸುಳಿವು ನೆರವಾಗುತ್ತದೆ. ವೃತ್ತಾಕಾರದ ಕಕ್ಷೆಯಲ್ಲಿ ಅಲೆ ಸುತ್ತಿಗೆ ಎರಡು ಸಲ ಏಳುತ್ತದೆ. ಹಾಗಾಗಿ ಪಿಜಿ 1302-102ರ 5.2 ವರ್ಷ ನಿಜವಾದ ಪರಿಭ್ರಮಣೆಯೇ ಆಗಿದ್ದರೆ, ಆ ದಿಕ್ಕಿನಿಂದ 2.6 ವರ್ಷದ, ಅಂದರೆ ಸುಮಾರು 12 ನ್ಯಾನೋಹರ್ಟ್ಸ್‌ನ ಅಲೆ ಬರಬೇಕು.